ಕ್ಯಾಮೆರಾದ ಎಡಗಡೆಗೂ ಒಂದು ಶಟರ್ ಬಟನ್ ಇರಲಿ

ಮಾನ್ಯ ಸಂಪಾದಕರೇ,

ಹೊಸದಾಗಿ ಕ್ಯಾಮೆರಾ ಕೊಳ್ಳುವವರಿಗೆ ಸಲಹೆ ಕೊಡುವ ಲೇಖನವೊಂದು ನಿಮ್ಮ ಪತ್ರಿಕೆಯಲ್ಲಿ ಬಂದಿತ್ತು. ಚೆನ್ನಾಗಿತ್ತು. ಸೆನ್ಸರ್ ಎಷ್ಟು ದೊಡ್ಡದಿರಬೇಕು, ಮೊದಲು ಯಾವ ಲೆನ್ಸ್ ತಗೋಬೇಕು, ಬ್ಯಾಟರಿ ಎಷ್ಟು ಹೊತ್ತು ಬರುತ್ತದೆ, ಎಲ್ಲವೂ ಇತ್ತು. ಆದರೆ ಅದನ್ನು ಯಾವ ಕೈಯಲ್ಲಿ ಬಳಸುತ್ತೀರಿ ಅನ್ನುವ ಪ್ರಶ್ನೆ ಮಾತ್ರ ಇರಲಿಲ್ಲ. ಬರೆದವರನ್ನು ದೂರುತ್ತಿಲ್ಲ. ಕ್ಯಾಮೆರಾ ಬಗ್ಗೆ ಬರೆಯುವವರು ಈ ಪ್ರಶ್ನೆ ಕೇಳಿದ್ದನ್ನು ನಾನು ನೋಡಿರುವುದು ಬಹಳ ಕಡಿಮೆ. ಉತ್ತರ ಬಲಗೈ ಅಂತ ಎಲ್ಲರೂ ಮೊದಲೇ ಒಪ್ಪಿಕೊಂಡುಬಿಟ್ಟಿದ್ದಾರೆ.

ನಾನು ಎಡಗೈಯವನು. ಬರೆಯುವುದು, ಕತ್ತರಿಸುವುದು, ಸೂಜಿಗೆ ದಾರ ಪೋಣಿಸುವುದು, ಎಲ್ಲಾ ಎಡಗೈಯಲ್ಲೇ. ಲೋಕದಲ್ಲಿ ಸುಮಾರು ಹತ್ತು ಜನರಲ್ಲಿ ಒಬ್ಬರು ನನ್ನ ಹಾಗೆ ಇರುತ್ತಾರೆ. ಫೋಟೋ ತೆಗೆಯುವುದು ನನಗೆ ಬಹಳ ಇಷ್ಟ, ಅದರಲ್ಲೂ ಹುಳು ಹುಪ್ಪಟೆಗಳ ಹತ್ತಿರದ ಫೋಟೋ. ಎಷ್ಟೋ ವರ್ಷಗಳಿಂದ ಬಲಗೈಯವರಿಗಾಗಿ ಮಾಡಿದ ಕ್ಯಾಮೆರಾದಲ್ಲೇ ತೆಗೆಯುತ್ತಾ ಬಂದಿದ್ದೇನೆ, ಬೇರೆ ದಾರಿಯೇ ಇಲ್ಲವಲ್ಲ. ಅಭ್ಯಾಸ ಆಗುತ್ತದೆ, ನಿಜ. ಆದರೆ ಅಭ್ಯಾಸ ಆಯಿತು ಅಂದ ಮಾತ್ರಕ್ಕೆ ತೊಂದರೆ ಹೋಯಿತು ಅಂತ ಅಲ್ಲ. ಆ ತೊಂದರೆ ಏನು, ಅದು ಯಾಕೆ ಬಂತು, ಈಗ ಅದನ್ನು ಸರಿಮಾಡುವುದು ಎಷ್ಟು ಸುಲಭ ಅಂತ ಹೇಳೋಣ ಅಂತ ಈ ಪತ್ರ.

ಇವತ್ತಿನ ಒಂದು ಮಿರರ್‌ಲೆಸ್ ಕ್ಯಾಮೆರಾ, ಅಂದರೆ ಒಳಗೆ ಕನ್ನಡಿ ಇಲ್ಲದ, ಲೆನ್ಸ್ ಬದಲಿಸಬಹುದಾದ ಡಿಜಿಟಲ್ ಕ್ಯಾಮೆರಾ, ಕೈಗೆ ತಗೊಂಡು ನೋಡಿ. ಗ್ರಿಪ್ ಬಲಗಡೆ. ಫೋಟೋ ತೆಗೆಯಲು ಒತ್ತುವ ಶಟರ್ ಬಟನ್ ಬಲಗೈ ತೋರುಬೆರಳಿಗೆ. ಅದರ ಪಕ್ಕದಲ್ಲೇ ಒಂದು ಡಯಲ್. ಹಿಂದೆ ಬಲ ಹೆಬ್ಬೆರಳಿಗೆ ಇನ್ನೊಂದು ಡಯಲ್, ಫೋಕಸ್ ಬಟನ್, ಫೋಕಸ್ ಜಾಗ ಬದಲಿಸುವ ಪುಟ್ಟ ಜಾಯ್‌ಸ್ಟಿಕ್. ಮೆಮೊರಿ ಕಾರ್ಡ್ ಹಾಕುವ ಬಾಗಿಲು ಕೂಡ ಹೆಚ್ಚಿನ ಮಾದರಿಗಳಲ್ಲಿ ಆ ಕಡೆಗೇ. ಎಡಗಡೆ ಏನಿದೆ? ಕೆಲವದರಲ್ಲಿ ಮೆನು ಬಟನ್, ಕೆಲವದರಲ್ಲಿ ಡಿಲೀಟ್ ಬಟನ್, ಕೆಲವದರಲ್ಲಿ ಒಂದು ಮೋಡ್ ಡಯಲ್. ಅಪರೂಪಕ್ಕೆ ಬೇಕಾಗುವುದೆಲ್ಲ ಎಡಕ್ಕೆ, ಕ್ಷಣ ಕ್ಷಣಕ್ಕೂ ಬೇಕಾಗುವುದೆಲ್ಲ ಬಲಕ್ಕೆ.

ಇದನ್ನು ಹೇಳಿದ ಕೂಡಲೇ ಬರುವ ಉತ್ತರ ನನಗೆ ಬಾಯಿಪಾಠ. "ಅಯ್ಯೋ, ನಿಮಗೇ ಅನುಕೂಲ ಅಲ್ವಾ? ಲೆನ್ಸ್ ಹಿಡಿಯುವುದು, ಜೂಮ್ ಮಾಡುವುದು, ಫೋಕಸ್ ಮಾಡುವುದು ಎಲ್ಲಾ ಎಡಗೈ ಕೆಲಸ. ಬಲಗೈ ಸುಮ್ನೆ ಬಟನ್ ಒತ್ತುತ್ತದೆ ಅಷ್ಟೇ." ಹೇಳುವವರು ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಾರೆ. ಒಂದು ಕಾಲಕ್ಕೆ ಈ ಮಾತು ಪೂರ್ತಿ ನಿಜವೂ ಆಗಿತ್ತು. 1970ರ ದಶಕದ ಒಲಿಂಪಸ್ ಓಎಂ-1 ಕ್ಯಾಮೆರಾವನ್ನು ನೋಡಿ. ಅದರಲ್ಲಿ ಫೋಕಸ್ ರಿಂಗ್ ಲೆನ್ಸ್ ಮೇಲೆ, ಬೆಳಕು ಬರುವ ಕಿಂಡಿಯನ್ನು ಹಿಗ್ಗಿಸಿ ಕುಗ್ಗಿಸುವ ಅಪರ್ಚರ್ ರಿಂಗ್ ಲೆನ್ಸ್ ಮೇಲೆ, ಬೆಳಕು ಎಷ್ಟು ಹೊತ್ತು ಒಳಗೆ ಬರಬೇಕು ಅಂತ ತೀರ್ಮಾನಿಸುವ ಶಟರ್ ವೇಗದ ರಿಂಗ್ ಕೂಡ ಲೆನ್ಸ್ ಕೂರುವ ಜಾಗದ ಸುತ್ತಲೇ ಇತ್ತು. ಅಂದರೆ ಫೋಟೋದ ಮೂರು ಮುಖ್ಯ ನಿರ್ಧಾರಗಳೂ ಎಡಗೈ ಬೆರಳುಗಳಲ್ಲಿ ಆಗುತ್ತಿದ್ದವು. ಬಲಗೈಗೆ ರೀಲು ಮುಂದಕ್ಕೆ ಎಳೆಯುವುದು, ಬಟನ್ ಒತ್ತುವುದು, ಇಷ್ಟೇ. ಆ ಕ್ಯಾಮೆರಾ ಹಿಡಿದವರಿಗೆ ನಾನು ಏನು ಹೇಳುತ್ತಿದ್ದೇನೆ ಅಂತ ತಕ್ಷಣ ಗೊತ್ತಾಗುತ್ತದೆ. ನನ್ನಂಥವರಿಗೆ ಅದು ಹೇಳಿ ಮಾಡಿಸಿದ ಹಾಗಿತ್ತು.

ಆಮೇಲೆ ಆಟೋಫೋಕಸ್ ಬಂತು. 1985ರಲ್ಲಿ ಮಿನೋಲ್ಟಾ 7000 ಬಂದ ಮೇಲೆ ಫೋಕಸ್ ಮಾಡುವ ಕೆಲಸ ಎಡಗೈ ತಪ್ಪಿ ಮೋಟರ್‌ಗೆ ಹೋಯಿತು. ಆ ಮೋಟರ್ ಓಡಿಸುವುದು ಯಾರು? ಶಟರ್ ಬಟನ್ ಅರ್ಧ ಒತ್ತುವ ಬಲಗೈ ಬೆರಳು. 1987ರಲ್ಲಿ ಕ್ಯಾನನ್ ತನ್ನ ಇಒಎಸ್ ಸರಣಿ ತಂದಾಗ ಹೊಸ ಲೆನ್ಸ್‌ಗಳಲ್ಲಿ ಅಪರ್ಚರ್ ರಿಂಗ್ ಇರಲೇ ಇಲ್ಲ. ಆ ಕೆಲಸವೂ ಶಟರ್ ಬಟನ್ ಪಕ್ಕದ ಡಯಲ್‌ಗೆ ಬಂತು. ಮತ್ತೆ ಬಲಗೈ. ನಿಕಾನ್ ಕೂಡ ಮುಂದೆ ಅಪರ್ಚರ್ ರಿಂಗ್ ಇಲ್ಲದ ಲೆನ್ಸ್‌ಗಳನ್ನು ಮಾಡತೊಡಗಿತು. ಹೀಗೆ ಒಂದೊಂದೇ ಕೆಲಸ ಎಡಗೈಯಿಂದ ಬಲಗೈಗೆ ದಾಟಿತು, ಎಡಗೈಗೆ ಉಳಿದದ್ದು ಭಾರ ಹೊರುವುದು ಮತ್ತು ಜೂಮ್ ತಿರುಗಿಸುವುದು. ಇಷ್ಟಾದರೂ ಜನ ಇವತ್ತಿಗೂ ಹಳೇ ಮಾತನ್ನೇ ಹೇಳುತ್ತಿದ್ದಾರೆ. ಕ್ಯಾಮೆರಾ ಬದಲಾಗಿದೆ, ಸಮಾಧಾನದ ಮಾತು ಬದಲಾಗಿಲ್ಲ. ಇದು ನನಗೆ ನಿಜವಾಗಿಯೂ ಬೇಸರ ತರಿಸುವ ಸಂಗತಿ, ಯಾಕೆಂದರೆ ಆ ಮಾತು ಕೇಳಿದ ಹೊಸ ಎಡಗೈಯವರು ತೊಂದರೆ ತಮ್ಮಲ್ಲೇ ಇದೆ ಅಂದುಕೊಂಡು ಸುಮ್ಮನಾಗುತ್ತಾರೆ.

"ಬಟನ್ ಒತ್ತುವುದು ಅಷ್ಟೇ" ಅನ್ನುವುದನ್ನೂ ನಾನು ಒಪ್ಪುವುದಿಲ್ಲ. ಶಟರ್ ಬಟನ್ ಕರೆಗಂಟೆಯ ಸ್ವಿಚ್ ಅಲ್ಲ. ಅರ್ಧ ಒತ್ತಿ ಹಿಡಿಯಬೇಕು, ಉಸಿರು ಬಿಗಿಹಿಡಿದು ಕಾಯಬೇಕು, ಸರಿಯಾದ ಗಳಿಗೆಯಲ್ಲಿ ಉಳಿದರ್ಧ ಒತ್ತಬೇಕು, ಅದೂ ಕ್ಯಾಮೆರಾ ಒಂಚೂರೂ ಅಲುಗದ ಹಾಗೆ. ಬೆಳಕು ಕಡಿಮೆ ಇದ್ದಾಗ, ಶಟರ್ ನಿಧಾನ ಇದ್ದಾಗ, ಒತ್ತುವ ಬೆರಳಿನ ಸಣ್ಣ ಕುಲುಕಾಟವೇ ಫೋಟೋ ಕೆಡಿಸುತ್ತದೆ. ಹತ್ತಿರದಿಂದ ಹುಳು ತೆಗೆಯುವಾಗಂತೂ ಫೋಕಸ್ ಇರುವ ಜಾಗ ಕೂದಲೆಳೆಯಷ್ಟು. ಈ ಸೂಕ್ಷ್ಮದ ಕೆಲಸಕ್ಕೆ ಯಾರಾದರೂ ತಮ್ಮ ಪಳಗಿದ ಕೈಯನ್ನೇ ಬಳಸುತ್ತಾರೆ ಅಲ್ವಾ? ನಮಗೆ ಆ ಆಯ್ಕೆ ಇಲ್ಲ. ಎಲೆಯೊಂದನ್ನು ಮೆಲ್ಲಗೆ ಬಗ್ಗಿಸಿ ಹಿಡಿದು ಒಂದೇ ಕೈಯಲ್ಲಿ ಫೋಟೋ ತೆಗೆಯಬೇಕಾದಾಗ ಎಡಗೈ ಎಲೆ ಹಿಡಿಯುತ್ತದೆ, ಬಲಗೈ ಒಂದೇ ಇಡೀ ಕ್ಯಾಮೆರಾದ ಭಾರ ಹೊತ್ತು, ಅದೇ ಕೈಯ ಬೆರಳು ಬಟನ್ ಒತ್ತಬೇಕು. ಬಲ ಕಡಿಮೆ ಇರುವ ಕೈಗೆ ಎರಡೂ ಕೆಲಸ.

ಒಂದೇ ಕೈಯಲ್ಲಿ ತೆಗೆಯುವ ಸಂದರ್ಭಗಳು ಕಡಿಮೆ ಅಂತ ಅನಿಸಬಹುದು. ಅಲ್ಲ. ಕೊಡೆ ಹಿಡಿದಿರುತ್ತೀರಿ, ಮಗುವಿನ ಕೈ ಹಿಡಿದಿರುತ್ತೀರಿ, ಕಂಬಿ ಹಿಡಿದು ನಿಂತಿರುತ್ತೀರಿ, ಗುಂಪಿನ ಮೇಲೆ ಕೈ ಎತ್ತಿ ತೆಗೆಯುತ್ತೀರಿ. ಅಂಥ ಹೊತ್ತಿನಲ್ಲಿ ಬಲಗೈಯವರು ಆರಾಮಾಗಿ ಒಂದು ಕ್ಲಿಕ್ ಮಾಡುತ್ತಾರೆ. ನಮ್ಮಲ್ಲಿ ಕೆಲವರು ಕ್ಯಾಮೆರಾವನ್ನೇ ತಲೆಕೆಳಗು ಮಾಡಿ ಎಡಗೈಯಲ್ಲಿ ಹಿಡಿದು, ಹೆಬ್ಬೆರಳಿನಲ್ಲಿ ಬಟನ್ ಒತ್ತುತ್ತಾರೆ. ಫೋಟೋ ತಲೆಕೆಳಗಾಗಿ ಬರುತ್ತದೆ. ಕೆಲವು ಕ್ಯಾಮೆರಾಗಳು ಅದನ್ನು ಗುರುತಿಸಿ ನೇರ ಮಾಡಿಕೊಳ್ಳುತ್ತವೆ, ಉಳಿದವುಗಳ ಫೋಟೋಗಳನ್ನು ಕಂಪ್ಯೂಟರ್‌ನಲ್ಲಿ ತಿರುಗಿಸಬೇಕು. ಅದೇನೋ ಸರಿ, ಆದರೆ ವ್ಯೂಫೈಂಡರ್‌ನಲ್ಲಿ ಕಣ್ಣಿಟ್ಟು ನೋಡುವುದು ಆಗ ಆಗುವುದೇ ಇಲ್ಲ, ಮೂಗಿನ ಮೇಲೆ ಇರಬೇಕಾದದ್ದು ಗದ್ದದ ಕೆಳಗೆ ಹೋಗಿರುತ್ತದೆ.

ಕಣ್ಣಿನ ವಿಷಯ ಬಂದಿದ್ದಕ್ಕೆ ಇನ್ನೊಂದು ಮಾತು. ಯಾವ ಕೈ ಪಳಗಿದ್ದೋ ಅದೇ ಕಡೆಯ ಕಣ್ಣು ಮುಂದಿರಬೇಕು, ಅಂದರೆ ಗುರಿಯಿಟ್ಟು ನೋಡಲು ಆ ಕಣ್ಣೇ ಬೇಕು, ಅಂತಿಲ್ಲ. ಸುಮಾರು ಮೂರರಲ್ಲಿ ಎರಡು ಪಾಲು ಜನಕ್ಕೆ ಬಲಗಣ್ಣೇ ಮುಂದು, ಉಳಿದವರಲ್ಲಿ ಹೆಚ್ಚಿನವರಿಗೆ ಎಡಗಣ್ಣು. ಎಡಗಣ್ಣಿನಲ್ಲಿ ನೋಡಿದರೆ ಮೂಗು ನೇರ ಹಿಂದಿನ ಟಚ್ ಸ್ಕ್ರೀನ್‌ಗೆ ತಾಗುತ್ತದೆ, ಟಚ್ ಫೋಕಸ್ ಆನ್ ಇದ್ದರೆ ಫೋಕಸ್ ಜಾಗ ತನ್ನಷ್ಟಕ್ಕೆ ಎಲ್ಲೋ ಹೋಗಿ ಕೂರುತ್ತದೆ. ವ್ಯೂಫೈಂಡರ್ ಎಡ ಮೂಲೆಯಲ್ಲಿರುವ ಕ್ಯಾಮೆರಾಗಳಿವೆಯಲ್ಲ, ಲೈಕಾ ಎಂ ತರಹದವು, ಅವುಗಳಲ್ಲಿ ಬಲಗಣ್ಣಿನವರ ಮೂಗು ಹಾಯಾಗಿ ಹೊರಗಿರುತ್ತದೆ. ಎಡಗಣ್ಣಿನವರ ಮುಖ ಮಾತ್ರ ಕ್ಯಾಮೆರಾದ ಹಿಂಬದಿಯನ್ನೆಲ್ಲ ಮುಚ್ಚಿಬಿಡುತ್ತದೆ, ಬಲ ಹೆಬ್ಬೆರಳಿಗೆ ಆಡಲು ಜಾಗವೇ ಇರುವುದಿಲ್ಲ. ಇದು ಎಡಗೈಯವರದ್ದಷ್ಟೇ ಅಲ್ಲ, ಬಲಗೈಯವರಲ್ಲೂ ಎಷ್ಟೋ ಜನರ ಗೋಳು.

ಇದೆಲ್ಲ ಯಾಕೆ ಹೀಗಾಯಿತು? 1925ರಲ್ಲಿ ಮಾರಾಟಕ್ಕೆ ಬಂದ ಲೈಕಾದಲ್ಲಿ ರೀಲಿನ ಡಬ್ಬಿ ಎಡಗಡೆ, ಫಿಲ್ಮ್ ಸುತ್ತಿಕೊಳ್ಳುವ ಉರುಳೆ ಬಲಗಡೆ. ಸುತ್ತುವ ಗುಂಡಿ ಉರುಳೆಯ ಮೇಲೇ ಇರಬೇಕು, ಶಟರ್ ಬಟನ್ ಅದರ ಪಕ್ಕದಲ್ಲಿದ್ದರೆ ಒಳ್ಳೆಯದು. ಹಾಗೆ ಬಂತು. ಉಳಿದವರೂ ಹೆಚ್ಚಾಗಿ ಅದನ್ನೇ ಹಿಡಿದರು. ಆದರೆ ಹೀಗೇ ಆಗಬೇಕು ಅಂತ ಪ್ರಕೃತಿಯ ನಿಯಮವೇನೂ ಇರಲಿಲ್ಲ. ಜರ್ಮನಿಯ ಡ್ರೆಸ್ಡೆನ್‌ನಲ್ಲಿ ಇಹಗೀ ಕಂಪನಿ 1936ರಲ್ಲಿ ಕಿನೆ ಎಕ್ಸಾಕ್ಟಾ ತಂದಿತು. ಅದರಲ್ಲಿ ಶಟರ್ ಬಟನ್ ಎಡಗಡೆ, ಫಿಲ್ಮ್ ಎಳೆಯುವ ಲಿವರ್ ಕೂಡ ಎಡಗಡೆ. ಮೂಲೆಯಲ್ಲಿ ಬಿದ್ದಿದ್ದ ಕ್ಯಾಮೆರಾವೂ ಅದಲ್ಲ, 35 ಮಿಮೀ ರೀಲಿನ ಎಸ್‌ಎಲ್‌ಆರ್ ಕ್ಯಾಮೆರಾಗಳಲ್ಲಿ, ಅಂದರೆ ಲೆನ್ಸ್ ಕಾಣುವುದನ್ನೇ ಒಳಗಿನ ಕನ್ನಡಿಯ ಮೂಲಕ ತೋರಿಸುವ ಕ್ಯಾಮೆರಾಗಳಲ್ಲಿ, ಮೊದಲ ಸಾಲಿನದು. ಅದರ ನಂತರದ ಮಾದರಿಗಳು ದಶಕಗಳ ಕಾಲ ನಡೆದವು, ಲಕ್ಷಾಂತರ ಬಲಗೈಯವರು ಅದನ್ನು ಎಡಗೈಯಲ್ಲಿ ಒತ್ತಿ ಒಳ್ಳೊಳ್ಳೆ ಫೋಟೋ ತೆಗೆದರು.

ಬೇಕು ಅಂತಲೇ ಎಡಗೈಯವರಿಗಾಗಿ ಮಾಡಿದ ಕ್ಯಾಮೆರಾ ಕೂಡ ಇತ್ತು ಅಂತ ಎಷ್ಟು ಜನಕ್ಕೆ ಗೊತ್ತು? 1980ರ ದಶಕದ ಕೊನೆಯ ಹೊತ್ತಿಗೆ ಯಾಶಿಕಾ ಸಮುರಾಯ್ ಅಂತ ಒಂದು ಹಾಫ್ ಫ್ರೇಮ್ ಕ್ಯಾಮೆರಾ, ಅಂದರೆ ರೀಲಿನಲ್ಲಿ ಒಂದು ಫೋಟೋದ ಜಾಗದಲ್ಲಿ ಎರಡು ತೆಗೆಯುವಂಥದ್ದು, ಬಂತು, ವಿಡಿಯೋ ಕ್ಯಾಮೆರಾ ಹಾಗೆ ಒಂದೇ ಕೈಯಲ್ಲಿ ನಿಲ್ಲಿಸಿ ಹಿಡಿಯುವಂಥದ್ದು, 36ರ ರೀಲಿನಲ್ಲಿ 72 ಫೋಟೋ ಬರುತ್ತಿತ್ತು. ಅದರ ಝಡ್ ಮಾದರಿಯನ್ನು ಕನ್ನಡಿಯಲ್ಲಿ ನೋಡಿದ ಹಾಗೆ ಪೂರ್ತಿ ತಿರುಗಿಸಿ ಝಡ್-ಎಲ್ ಅಂತ ಎಡಗೈ ಮಾದರಿ ತಂದರು. ಮಾಡಬೇಕು ಅಂತ ಮನಸ್ಸು ಮಾಡಿದರೆ ಆಗುತ್ತದೆ ಅನ್ನುವುದಕ್ಕೆ ಅದು ಸಾಕ್ಷಿ. ಇವತ್ತು ದೊಡ್ಡ ಕಂಪನಿಗಳ ಅಂಗಡಿ ಸಾಲಿನಲ್ಲಿ ಅಂಥ ಒಂದು ಕ್ಯಾಮೆರಾವೂ ಕಾಣುವುದಿಲ್ಲ.

ಆಗ ಪಾಪ, ಗೇರು, ಸ್ಪ್ರಿಂಗು, ಲಿವರ್‌ಗಳನ್ನೆಲ್ಲ ತಿರುಗಿಸಿ ಕೂರಿಸಬೇಕಿತ್ತು. ಈಗ ರೀಲಿಲ್ಲ. ಎಳೆಯುವ ಲಿವರ್ ಇಲ್ಲ. ಶಟರ್ ಬಟನ್ ಅಂದರೆ ಒಳಗಿನ ಕಂಪ್ಯೂಟರ್‌ಗೆ "ಈಗ ತೆಗಿ" ಅಂತ ಹೇಳುವ ಒಂದು ಸ್ವಿಚ್. ಆ ಸ್ವಿಚ್ ಎಡಗಡೆ ಇದ್ದರೂ ಕಂಪ್ಯೂಟರ್‌ಗೆ ಒಂದೇ. ಬ್ಯಾಟರಿ ಗ್ರಿಪ್ಪಿನೊಳಗೆ ಕೂರುತ್ತದೆ, ಹಾಗಾಗಿ ಒಂದು ಕಡೆ ದಪ್ಪ ಇರಲೇಬೇಕು ಅನ್ನುವುದನ್ನು ಒಪ್ಪುತ್ತೇನೆ. ಇರಲಿ. ಎಡಗೈಯವರಿಗಾಗಿ ಬೇರೆಯೇ ಬಾಡಿ ಮಾಡಿ ಅಂತ ನಾನು ಕೇಳುತ್ತಿಲ್ಲ, ಅದಕ್ಕೆ ಬೇರೆ ಅಚ್ಚು, ಬೇರೆ ದಾಸ್ತಾನು, ಬೇರೆ ಖರ್ಚು ಎಲ್ಲಾ ಬೇಕು ಅಂತ ಗೊತ್ತು. ಕೇಳುತ್ತಿರುವುದು ಇಷ್ಟೇ: ಎಡಗಡೆ ಇರುವ ಯಾವುದಾದರೂ ಒಂದು ಬಟನ್‌ಗೆ, ಅಥವಾ ಲೆನ್ಸ್ ಪಕ್ಕದಲ್ಲಿ ಎಡಗೈ ಬೆರಳಿಗೆ ಸಿಗುವ ಬಟನ್‌ಗೆ, ಶಟರ್ ಕೆಲಸ ಕೊಡಲು ಬಿಡಿ. ಮೆನುವಿನಲ್ಲಿ ಹತ್ತಾರು ಬಟನ್‌ಗಳ ಕೆಲಸ ಬದಲಿಸಿಕೊಳ್ಳಲು ಬಿಡುತ್ತೀರಿ, ಐಎಸ್‌ಒ, ವೈಟ್ ಬ್ಯಾಲೆನ್ಸ್, ಫೋಕಸ್, ಏನೇನೋ ಹಾಕಬಹುದು. ಫೋಟೋ ತೆಗೆಯುವ ಕೆಲಸವನ್ನು ಮಾತ್ರ ಬೇರೆ ಬಟನ್‌ಗೆ ಕೊಡಲು ಹೆಚ್ಚಿನ ಕ್ಯಾಮೆರಾಗಳಲ್ಲಿ ಆಗುವುದಿಲ್ಲ. ಅದೊಂದು ಸಾಲು ಆ ಪಟ್ಟಿಗೆ ಸೇರಿದರೆ ನಮ್ಮ ಅರ್ಧ ಕಷ್ಟ ಕಳೆಯಿತು.

ಎರಡನೇ ಶಟರ್ ಬಟನ್ ಅನ್ನುವುದು ಹೊಸ ವಿಚಾರವೂ ಅಲ್ಲ. ಕ್ಯಾಮೆರಾ ಕೆಳಗೆ ಸಿಕ್ಕಿಸುವ ವರ್ಟಿಕಲ್ ಗ್ರಿಪ್ ನೋಡಿರುತ್ತೀರಿ. ಅದರಲ್ಲಿ ಇನ್ನೊಂದು ಶಟರ್ ಬಟನ್, ಇನ್ನೊಂದು ಡಯಲ್, ಕೈತಪ್ಪಿ ಒತ್ತದ ಹಾಗೆ ಒಂದು ಲಾಕ್, ಎಲ್ಲಾ ಇರುತ್ತದೆ. ಕ್ಯಾಮೆರಾ ನಿಲ್ಲಿಸಿ ಹಿಡಿದಾಗ ಬಲಗೈಗೆ ನೋವಾಗಬಾರದು ಅಂತ ಅಷ್ಟು ದೊಡ್ಡ ಸಾಮಾನು ಮಾಡಿ ಮಾರುತ್ತಾರೆ! ಬಲಗೈಯ ಮಣಿಕಟ್ಟಿನ ಅನುಕೂಲಕ್ಕೆ ಇಷ್ಟು ಯೋಚನೆ ಮಾಡಿದವರು ಎಡಗೈಗೆ ಒಂದು ಬಟನ್ ಯೋಚಿಸಲಿಲ್ಲ ಅಂದರೆ, ಅದು ತಂತ್ರಜ್ಞಾನದ ಅಡ್ಡಿ ಅಲ್ಲ, ಯಾರೂ ಗಟ್ಟಿಯಾಗಿ ಕೇಳಿಲ್ಲ ಅಷ್ಟೇ.

ಕಂಪ್ಯೂಟರ್ ಮೌಸ್‌ನಲ್ಲಿ ಎಡ ಬಲ ಬಟನ್ ಅದಲು ಬದಲು ಮಾಡುವ ಸೆಟ್ಟಿಂಗ್ ಎಷ್ಟೋ ಕಾಲದಿಂದ ಇದೆ. ಅದಕ್ಕಾಗಿ ಯಾರೂ ಎಡಗೈಯವರ ಹತ್ತಿರ ಜಾಸ್ತಿ ದುಡ್ಡು ಕೇಳಲಿಲ್ಲ.

"ಈಗ ಎಲ್ಲರೂ ಫೋನಿನಲ್ಲೇ ತೆಗೆಯುತ್ತಾರಲ್ಲ" ಅನ್ನಬಹುದು. ಫೋನು ಮೊದಮೊದಲು ನಮಗೆ ನಿಜಕ್ಕೂ ದೊಡ್ಡ ಬಿಡುಗಡೆ ಆಗಿತ್ತು. ನಿಲ್ಲಿಸಿ ಹಿಡಿದರೆ ಬಟನ್ ಸ್ಕ್ರೀನಿನ ನಡುವೆ, ಯಾವ ಹೆಬ್ಬೆರಳಾದರೂ ಸರಿ. ಅಡ್ಡ ಹಿಡಿಯುವಾಗ ಫೋನನ್ನು ಇನ್ನೊಂದು ದಿಕ್ಕಿಗೆ ತಿರುಗಿಸಿದರೆ ಸ್ಕ್ರೀನಿನ ಬಟನ್ ಎಡಗೈ ಕಡೆಗೇ ಬರುತ್ತದೆ. 2011ರಲ್ಲಿ ಐಫೋನ್‌ಗಳಲ್ಲಿ ವಾಲ್ಯೂಮ್ ಬಟನ್ ಒತ್ತಿ ಫೋಟೋ ತೆಗೆಯುವ ಸೌಲಭ್ಯ ಬಂತು, ಆಂಡ್ರಾಯ್ಡ್ ಫೋನುಗಳಲ್ಲೂ ಈಗ ಅದು ಸಾಮಾನ್ಯ. ಎಲ್ಲಾ ಸರಿ ಹೋಗುತ್ತಿದೆ ಅನ್ನುವಷ್ಟರಲ್ಲಿ 2024ರ ಐಫೋನ್ 16ರಲ್ಲಿ ಕ್ಯಾಮೆರಾಗೆ ಅಂತಲೇ ಒಂದು ಹೊಸ ಬಟನ್ ಬಂತು. ಎಲ್ಲಿ? ಬಲ ಅಂಚಿನಲ್ಲಿ, ಕೆಳಗಡೆ. ಅಡ್ಡ ಹಿಡಿದಾಗ ಸರಿಯಾಗಿ ಬಲಗೈ ತೋರುಬೆರಳಿಗೆ ಸಿಗುವ ಹಾಗೆ. ಇನ್ನೊಂದು ದಿಕ್ಕಿಗೆ ತಿರುಗಿಸಿದರೆ ಅದು ಅಡಿಗೆ ಹೋಗುತ್ತದೆ. ಅಂದರೆ ನೂರು ವರ್ಷದ ಹಿಂದಿನ ರೀಲು ಕ್ಯಾಮೆರಾದ ಕೈ ಅಭ್ಯಾಸವನ್ನು, ರೀಲೇ ಇಲ್ಲದ, ಎಡ ಬಲ ಇಲ್ಲದ ಒಂದು ಗಾಜಿನ ಹಲಗೆಗೂ ತಂದು ಅಂಟಿಸಿದರು. ಆ ಬಟನ್ ಇಲ್ಲದೆಯೂ ಫೋಟೋ ತೆಗೆಯಬಹುದು ಅನ್ನುವುದು ನಿಜ. ಆದರೆ ಹೊಸದೊಂದು ಅನುಕೂಲ ಮಾಡುವಾಗ ಹತ್ತರಲ್ಲಿ ಒಬ್ಬರನ್ನು ಮತ್ತೆ ನೆನಪಿಸಿಕೊಳ್ಳಲಿಲ್ಲವಲ್ಲ, ಅದೇ ನನ್ನ ನೋವು.

ಇಷ್ಟು ಹೊತ್ತು ಹುಟ್ಟಾ ಎಡಗೈಯವರ ಬಗ್ಗೆ ಹೇಳಿದೆ. ನನಗೆ ಇದಕ್ಕಿಂತ ಮುಖ್ಯ ಅನಿಸುವ ಇನ್ನೊಂದು ಗುಂಪಿದೆ. ಮೆದುಳಿನ ಎಡಭಾಗದಲ್ಲಿ ಪಾರ್ಶ್ವವಾಯು ಆದರೆ ದೇಹದ ಬಲಭಾಗ ಬಲ ಕಳೆದುಕೊಳ್ಳುತ್ತದೆ. ಅಪಘಾತದಲ್ಲಿ ಬಲಗೈ ಬೆರಳು ಕಳೆದುಕೊಂಡವರಿದ್ದಾರೆ. ಸಂಧಿವಾತದಿಂದ ಬಲ ಹೆಬ್ಬೆರಳು ಮಡಚಲು ಆಗದವರಿದ್ದಾರೆ. ಇವರಲ್ಲಿ ಎಷ್ಟೋ ಜನ ಬದುಕೆಲ್ಲ ಫೋಟೋ ತೆಗೆದವರು, ಮದುವೆ ಮನೆಯಲ್ಲಿ, ಸ್ಟುಡಿಯೋದಲ್ಲಿ ಅದೇ ಹೊಟ್ಟೆಪಾಡು ಮಾಡಿಕೊಂಡವರು. ಕಣ್ಣು ಹಾಗೇ ಇದೆ, ಬೆಳಕಿನ ತಿಳಿವಳಿಕೆ ಹಾಗೇ ಇದೆ, ಎಡಗೈ ಚೆನ್ನಾಗಿದೆ. ಕ್ಯಾಮೆರಾದ ಒಂದು ಬಟನ್ ತಪ್ಪು ಕಡೆ ಇದೆ ಅನ್ನುವ ಕಾರಣಕ್ಕೆ ಅವರು ಮೂಲೆ ಸೇರಬೇಕಾ? ಬಲಗೈಗೆ ಪ್ಲಾಸ್ಟರ್ ಹಾಕಿಸಿಕೊಂಡ ಯಾವ ಬಲಗೈಯವರನ್ನಾದರೂ ಕೇಳಿ ನೋಡಿ, ಆ ಕೆಲವು ವಾರಗಳಲ್ಲಿ ಕ್ಯಾಮೆರಾ ಅವರಿಗೆ ಎಷ್ಟು ಪರಕೀಯ ಅನಿಸಿತು ಅಂತ. ಎಡಗಡೆಯ ಒಂದು ಬಟನ್ ಇವರೆಲ್ಲರಿಗೂ ಬೇಕು. ಮಾರುಕಟ್ಟೆ ಚಿಕ್ಕದು ಅನ್ನುವವರು ಲೆಕ್ಕ ಹಾಕುವಾಗ ಇವರನ್ನೂ ಸೇರಿಸಿಕೊಳ್ಳಲಿ.

ಸದ್ಯಕ್ಕೆ ಏನು ಮಾಡಬಹುದು ಅಂತ ಕೇಳುವ ಎಡಗೈಯವರಿಗೆ, ನನಗೆ ಉಪಯೋಗಕ್ಕೆ ಬಂದದ್ದನ್ನು ಹೇಳುತ್ತೇನೆ. ಟಚ್ ಶಟರ್ ಇರುವ ಕ್ಯಾಮೆರಾ ಆರಿಸಿ. ಸ್ಕ್ರೀನ್ ಮೇಲೆ ಬೆರಳಿಟ್ಟರೆ ಫೋಕಸ್ ಆಗಿ ಫೋಟೋ ಬರುತ್ತದೆ, ಎಡ ಹೆಬ್ಬೆರಳು ಸಾಕು, ಟ್ರೈಪಾಡ್ ಮೇಲೆ ಇದ್ದಾಗಂತೂ ಬಲಗೈ ಬೇಕೇ ಆಗುವುದಿಲ್ಲ. ಲೆನ್ಸ್ ಮೇಲೆ ರಿಂಗ್ ಇರುವಂಥವು ಸಿಕ್ಕರೆ ಬಿಡಬೇಡಿ. ಕ್ಯಾನನ್ 2018ರಿಂದ ತನ್ನ ಆರ್‌ಎಫ್ ಲೆನ್ಸ್‌ಗಳಲ್ಲಿ ಕಂಟ್ರೋಲ್ ರಿಂಗ್ ಕೊಡುತ್ತಿದೆ, ಅದಕ್ಕೆ ಅಪರ್ಚರ್ರೋ ಐಎಸ್‌ಒನೋ ಹಾಕಿಕೊಳ್ಳಬಹುದು. ಫ್ಯೂಜಿಫಿಲ್ಮ್‌ನ ಅನೇಕ ಲೆನ್ಸ್‌ಗಳಲ್ಲಿ ಅಪರ್ಚರ್ ರಿಂಗ್ ಇವತ್ತಿಗೂ ಇದೆ. ಎಡಗೈಯಿಂದ ಕಿತ್ತುಕೊಂಡ ಕೆಲಸ ಹೀಗೆ ಸ್ವಲ್ಪ ಸ್ವಲ್ಪವಾಗಿ ವಾಪಸ್ ಬರುತ್ತಿರುವುದು ನನಗೆ ತುಂಬಾ ಸಂತೋಷ ಕೊಟ್ಟಿದೆ. ಬ್ಲೂಟೂತ್ ಬಟನ್ ಇರುವ ಪುಟ್ಟ ಹ್ಯಾಂಡಲ್‌ಗಳು ಸಿಗುತ್ತವೆ, ಕ್ಯಾಮೆರಾ ಅಡಿಯ ಸ್ಕ್ರೂಗೆ ಸಿಕ್ಕಿಸಿ ಯಾವ ಕೈಯಲ್ಲಾದರೂ ಹಿಡಿಯಬಹುದು. ಚಿಕ್ಕ ಕ್ಯಾಮೆರಾಗೆ ಇದು ಬಹಳ ಒಳ್ಳೆಯ ಉಪಾಯ, ದೊಡ್ಡ ಲೆನ್ಸ್ ಹಾಕಿದರೆ ಮಾತ್ರ ಮುಂದಕ್ಕೆ ವಾಲುತ್ತದೆ. ಮೂಗು ಟಚ್ ಸ್ಕ್ರೀನ್‌ಗೆ ತಾಗುವವರು ಮೆನುವಿನಲ್ಲಿ ಟಚ್ ಕೆಲಸ ಮಾಡುವ ಜಾಗವನ್ನು ಸ್ಕ್ರೀನಿನಲ್ಲಿ ಮೂಗು ತಾಗದ ಅರ್ಧಕ್ಕೆ ಸೀಮಿತ ಮಾಡಲು ಆಗುತ್ತಾ ನೋಡಿ, ಕೆಲವು ಕಂಪನಿಗಳು ಈ ಸೌಲಭ್ಯ ಕೊಟ್ಟಿವೆ. ಕೆಲವು ಆ್ಯಕ್ಷನ್ ಕ್ಯಾಮೆರಾಗಳಲ್ಲಿ ಬಾಯಲ್ಲಿ ಹೇಳಿದರೆ ಸಾಕು, ಗೋಪ್ರೋ 2016ರ ಹೀರೋ5ನಿಂದಲೇ ಇದನ್ನು ತಂದಿದೆ.

ಫೋಟೋಗ್ರಫಿ ಕಲಿಸುವವರಿಗೂ ಒಂದು ಮನವಿ. ತರಗತಿಯಲ್ಲಿ ಎಡಗೈ ಹುಡುಗನೋ ಹುಡುಗಿಯೋ ಕ್ಯಾಮೆರಾವನ್ನು ವಿಚಿತ್ರವಾಗಿ ಹಿಡಿದರೆ ಕೂಡಲೇ ತಿದ್ದಬೇಡಿ. ನನಗೆ ಕಲಿಸಿದವರೊಬ್ಬರು ಎಲ್ಲರ ಎದುರು ನನ್ನ ಹಿಡಿತವನ್ನು ಆಡಿಕೊಂಡಿದ್ದರು, ಅದರಿಂದ ನಾನು ಬೇರೇನೂ ಕಲಿಯಲಿಲ್ಲ, ಎಲ್ಲರ ಮುಂದೆ ಕ್ಯಾಮೆರಾ ಹಿಡಿಯುವುದಕ್ಕೆ ಹೆದರುವುದನ್ನು ಕಲಿತೆ. ಮೊದಲು ಯಾವ ಕೈ, ಯಾವ ಕಣ್ಣು ಅಂತ ಕೇಳಿ. ಒಂದು ದಿನ ನೀವೇ ಕ್ಯಾಮೆರಾವನ್ನು ತಿರುಗಿಸಿ ಹಿಡಿದು, ಎಡಗೈಯಲ್ಲೇ ಒತ್ತಿ ತೆಗೆದು ನೋಡಿ, ಆಮೇಲೆ ಕಲಿಸಿ. ಅಂಗಡಿಯವರೂ ಅಷ್ಟೇ, ಎಡಗೈಯವರು ಬಂದರೆ ನಾಲ್ಕು ಮಾದರಿಗಳನ್ನು ಕೈಗೆ ಕೊಟ್ಟು ಸ್ವಲ್ಪ ಹೊತ್ತು ಆಡಲು ಬಿಡಿ.

ಕಂಪನಿಗಳಿಗೆ ನಾನು ಬರೆದಿದ್ದೇನೆ. ಒಬ್ಬರು ಬರೆದರೆ ಅದು ಒಂದು ಪತ್ರ, ಅವರು ಧನ್ಯವಾದ ಹೇಳಿ ಮುಚ್ಚಿಡುತ್ತಾರೆ. ಆದ್ದರಿಂದ ನಿಮ್ಮ ಪತ್ರಿಕೆ ಓದುವ ಎಡಗೈಯವರು, ಎಡಗಣ್ಣಿನವರು, ಬಲಗೈಗೆ ಏಟಾಗಿ ಎಡಗೈಯಲ್ಲಿ ತೆಗೆಯಲು ಕಲಿತವರು, ತಮ್ಮ ಕ್ಯಾಮೆರಾ ಕಂಪನಿಯ ಗ್ರಾಹಕ ವಿಭಾಗಕ್ಕೆ ಒಂದೇ ಒಂದು ಸಾಲು ಬರೆಯಿರಿ: ಮುಂದಿನ ಸಾಫ್ಟ್‌ವೇರ್ ಅಪ್‌ಡೇಟ್‌ನಲ್ಲಿ ಎಡಗಡೆಯ ಬಟನ್‌ಗೆ ಶಟರ್ ಕೆಲಸ ಕೊಡಲು ಬಿಡಿ ಅಂತ. ನಿಮ್ಮ ಕ್ಯಾಮೆರಾದ ಮಾದರಿ ಹೆಸರನ್ನೂ ಅದರಲ್ಲಿ ಹಾಕಿ. ನಿಮ್ಮದೇ ಆದ ಉಪಾಯ ಏನಾದರೂ ಇದ್ದರೆ, ಅಥವಾ ಯಾರ ಮನೆಯಲ್ಲಾದರೂ ಹಳೇ ಎಕ್ಸಾಕ್ಟಾವೋ ಎಡಗೈ ಸಮುರಾಯೋ ಇನ್ನೂ ಕೆಲಸ ಮಾಡುತ್ತಿದ್ದರೆ, ದಯವಿಟ್ಟು ಇದೇ ಅಂಕಣಕ್ಕೆ ಬರೆದು ತಿಳಿಸಿ.

ಇಂತಿ,
ನಿಮ್ಮ ಓದುಗ, ಎಡಗೈ ಫೋಟೋಗ್ರಾಫರ್